ಪ್ಯಾರೂ ಭಾಯಿಯ ಉಲ್ಟಾ ಟ್ಯಾಂಕರ್

ಊರಿಗೆಲ್ಲ ಪ್ಯಾರೂ ಭಾಯ್ ಆಗಿದ್ದ ಪ್ಯಾರೇಜಾನ್ ಭಾಯ್ ಈ ಜಗತ್ತನ್ನೆಲ್ಲ ಲೀಟರಿನಲ್ಲಿ ಅಳೆಯುತ್ತಿದ್ದರು. ಹಾಲು, ನೀರು, ಡೀಸೆಲ್ ಬಿಡಿ, ಅವನ್ನು ಎಲ್ಲರೂ ಹಾಗೆಯೇ ಅಳೆಯುತ್ತಾರೆ. ಇವರು ಮನೆಗಳನ್ನೂ ಮನುಷ್ಯರನ್ನೂ ಬಿಡುತ್ತಿರಲಿಲ್ಲ. ಅಳಿಯ ಹೊಸದಾಗಿ ಬಾಡಿಗೆಗೆ ಹಿಡಿದ ಮನೆ ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ, "ಚಿಕ್ದು. ಐವತ್ತು ಸಾವಿರ ಲೀಟರ್ ಬಂದ್ರೆ ಹೆಚ್ಚು" ಎಂದಿದ್ದರು. ಕೇಳಿದವನು ಪಿಳಿಪಿಳಿ ಕಣ್ಣು ಬಿಟ್ಟ. ನಾನು ಮನೆಗೆ ಹೋಗಿ ಕಾಗದದ ಮೇಲೆ ಉದ್ದ, ಅಗಲ, ಎತ್ತರ ಗುಣಿಸಿ ನೋಡಿದೆ. ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆಗೆ ಹೆಚ್ಚುಕಡಿಮೆ ಅಷ್ಟೇ ಬಂತು. ಇವರು ತಮಾಷೆ ಮಾಡುತ್ತಾರೋ ನಿಜವಾಗಿ ಲೆಕ್ಕ ಹೇಳುತ್ತಾರೋ ಎಂಬ ಗೊಂದಲ ನನಗೆ ಅವತ್ತು ಶುರುವಾದದ್ದು ಇವತ್ತಿನವರೆಗೂ ಮುಗಿದಿಲ್ಲ.

ಮುಳಬಾಗಿಲಿನಿಂದ ಆಂಧ್ರದ ಕಡೆಗೆ ಹೋಗುವ ಹೈವೇ ಪಕ್ಕದಲ್ಲಿ ಅವರ ಶೆಡ್ಡು. ಮೂವತ್ತು ವರ್ಷ ಅವರು ಅಲ್ಲಿ ಒಂದೇ ಕೆಲಸ ಮಾಡಿದರು, ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರ್ ತಯಾರಿಸುವುದು. ಬೋರ್‌ವೆಲ್ಲುಗಳೆಲ್ಲ ಬತ್ತಿ, ಸಾವಿರ ಅಡಿ ಕೊರೆದರೂ ಬರೀ ದೂಳು ಹಾರುತ್ತಿದ್ದ ಕಾಲದಲ್ಲಿ ನಮ್ಮ ತಾಲ್ಲೂಕಿನಲ್ಲಿ ಓಡಾಡಿದ ಟ್ಯಾಂಕರುಗಳಲ್ಲಿ ಬಹಳಷ್ಟು ಅವರ ಕೈಯಿಂದ ಬಂದವು. ತೆಳ್ಳಗಿನ ಆಳು, ಮೆಹಂದಿ ಹಾಕಿದ ಗಡ್ಡ, ಕಿಡಿ ಹಾರಿ ತೂತು ಬಿದ್ದ ಬನಿಯನ್ನು. ತಗಡು ಬಡಿದೂ ಬಡಿದೂ ಬಲಗಿವಿ ಪೂರಾ ಹೋಗಿತ್ತು. ಹಾಗಾಗಿ ಯಾರು ಮಾತಾಡಿದರೂ ತಲೆ ಓರೆ ಮಾಡಿ ಎಡಗಿವಿ ಕೊಡುತ್ತಿದ್ದರು. ಕಣ್ಣೆದುರು ಇದ್ದ ವಸ್ತುವನ್ನೆಲ್ಲ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಅದೇ ಎಡಗಿವಿಯಲ್ಲಿ ಕೇಳುತ್ತಿದ್ದರು. ಟೀ ಲೋಟ, ಬಾಗಿಲು, ಕಲ್ಲಂಗಡಿ, ಯಾವುದನ್ನೂ ಬಡಿಯದೆ ನಂಬಿದವರಲ್ಲ.

ಅವರಿಗೂ ನನಗೂ ಗಂಟು ಬಿದ್ದದ್ದು ಒಂದು ದೋಣಿಯಿಂದ. ಬಯಲುಸೀಮೆಯ ಮುಳಬಾಗಿಲಲ್ಲಿ ಎಂಥ ದೋಣಿ ಎಂದು ನೀವು ಕೇಳಬಹುದು. ಆಗ ಎಲ್ಲರೂ ಅದನ್ನೇ ಕೇಳಿದರು.

ನಾನು ಇಲ್ಲೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಸ್ತುಗಳು ಯಾಕೆ ತೇಲುತ್ತವೆ, ಯಾಕೆ ಮುಳುಗುತ್ತವೆ ಎಂಬ ಪಾಠವನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಾ ಬಂದಿದ್ದೇನೆ. ಗಾಳ ಹಾಕುವ ಹುಚ್ಚು ಅದಕ್ಕಿಂತ ಹಳೆಯದು. ಮೀನು ಸಿಗಲಿ ಬಿಡಲಿ, ವಾರಕ್ಕೊಂದು ಬೆಳಿಗ್ಗೆ ನೀರಿನ ಎದುರು ಒಬ್ಬನೇ ಕೂತು ಬರದಿದ್ದರೆ ಆ ವಾರವೆಲ್ಲ ತರಗತಿಯಲ್ಲಿ ಸಿಡಿಮಿಡಿ ಎನ್ನುತ್ತಿರುತ್ತೇನೆ. ನಾಲ್ಕು ವರ್ಷದ ಹಿಂದೆ ಹೈವೇಯಲ್ಲಿ ಬೈಕಿನಿಂದ ಬಿದ್ದು ಬಲ ಮಂಡಿ ಪುಡಿಯಾಯಿತು. ಕೋಲಾರದಲ್ಲಿ ಆಪರೇಷನ್ ಮಾಡಿ ಸ್ಟೀಲ್ ಪ್ಲೇಟು ಹಾಕಿದರು. ಅವತ್ತಿನಿಂದ ಆ ಕಾಲು ಮಡಚುವುದಿಲ್ಲ, ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ನಾನು ಹೋಗುತ್ತಿದ್ದದ್ದು ಶ್ರೀನಿವಾಸಪುರದ ರಸ್ತೆಯಲ್ಲಿರುವ ನನ್ನ ಹೆಂಡತಿ ಶಾರದೆಯ ಊರಿನ ಕುಂಟೆಗೆ. ಕುಂಟೆಯೆಂದರೆ ನಮ್ಮ ಕಡೆ ಕೆರೆಗಿಂತ ಚಿಕ್ಕದು, ಹೊಂಡಕ್ಕಿಂತ ದೊಡ್ಡದು. ಅವಳ ತಮ್ಮ ಮುನಿಯಪ್ಪನ ಹೊಲದ ಅಂಚಿಗೇ ಇದೆ. ಹತ್ತು ಹದಿನೈದು ವರ್ಷ ಒಣಗಿ ಬಿದ್ದಿದ್ದ ಆ ಕುಂಟೆಯಲ್ಲಿ ಬಳ್ಳಾರಿ ಜಾಲಿ ಕಾಡಿನಂತೆ ಬೆಳೆದುಬಿಟ್ಟಿತ್ತು. ಆಮೇಲೆ ಎರಡು ವರ್ಷ ಒಂದೇ ಸಮ ಮಳೆ ಹೊಡೆದು ತುಂಬಿತು, ಮುನಿಯಪ್ಪ ಕಾಟ್ಲಾ, ರೋಹು ಮೀನಿನ ಮರಿ ತಂದು ಬಿಟ್ಟ. ಆದರೆ ದಡದ ಸುತ್ತ ಜಾಲಿ, ನೀರಿನ ಒಳಗೂ ಜಾಲಿಯ ಮೋಟು. ದನ ಇಳಿಯುವ ಒಂದೇ ಒಂದು ಕಿಂಡಿ, ಅದೂ ಕೆಸರಿನ ಇಳಿಜಾರು. ಎರಡು ಕಾಲೂ ನೆಟ್ಟಗಿದ್ದವರಿಗೇ ಕಷ್ಟ. ನಾನು ಎರಡು ಸಲ ಜಾರಿ ಬಿದ್ದು, ಮೂರನೆಯ ಸಲ ದಡದಲ್ಲಿ ಕೋಲು ಊರಿಕೊಂಡು ನಿಂತು ಬರೀ ನೀರು ನೋಡಿ ವಾಪಸು ಬಂದೆ. ಅವತ್ತು ನಿಜಕ್ಕೂ ಅಳು ಬಂತು.

ದೋಣಿ ಇದ್ದರೆ ಕೂತಲ್ಲೇ ಗಾಳ ಹಾಕಬಹುದಲ್ಲ ಎಂಬ ಯೋಚನೆ ಬಂದದ್ದು ಆಗ. ಯಾವ ದೋಣಿ? ಈ ಪ್ರಶ್ನೆಗೆ ನಮ್ಮ ಕಡೆ ದೋಣಿಯನ್ನೇ ನೋಡದವರ ಹತ್ತಿರವೂ ಉತ್ತರ ಇತ್ತು. ಹೆಡ್ ಮೇಷ್ಟ್ರು ಹೊಳೆ ಇರುವ ಕಡೆಯಿಂದ ಹರಿಗೋಲು ತರಿಸಿ ಎಂದರು. ಹರಿಗೋಲಿನಲ್ಲಿ ಕಾಲು ಮಡಚಿ ಕೂರಬೇಕು, ಹುಟ್ಟು ಹಾಕಲು ಬಾರದವನು ಕೂತರೆ ಬುಗುರಿಯಂತೆ ತಿರುಗುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಮುನಿಯಪ್ಪ ನಾಲ್ಕು ಪ್ಲಾಸ್ಟಿಕ್ ಡ್ರಮ್ಮು ಕಟ್ಟಿ ಮೇಲೆ ಮಂಚ ಹಾಕೋಣ ಅಂದ. ಡ್ರಿಲ್ ಮೇಷ್ಟ್ರು ಥರ್ಮಾಕೋಲ್ ಸಾಕು ಅಂದರು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದೊಂದರ ಗುಣದೋಷ ಬರೆದೆ. ಬರೆದಷ್ಟೂ ತಲೆ ಕೆಟ್ಟಿತು. ಕೊನೆಗೆ ಆನ್‌ಲೈನಿನಲ್ಲಿ ಗಾಳಿ ತುಂಬುವ ರಬ್ಬರ್ ದೋಣಿ ತರಿಸಿದೆ. ಕಾರಣ ಇಷ್ಟೇ, ಚಿತ್ರದಲ್ಲಿದ್ದವನು ಎರಡೂ ಕಾಲು ಚಾಚಿಕೊಂಡು ನಗುತ್ತಿದ್ದ.

ನೀರಿಗಿಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಕೆಳಗೆ ಎಲ್ಲೋ ಜಾಲಿಮುಳ್ಳು ಚುಚ್ಚಿ ದೋಣಿ ಪುಸ್ಸೆಂದಿತು. ಎದೆಮಟ್ಟದ ನೀರು, ಕಾಲಡಿ ಕೆಸರು. ಒಂದು ಕಾಲು ಮಡಚದವನು ಕೆಸರಿನಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಮುನಿಯಪ್ಪ ಎಮ್ಮೆಯ ಹಗ್ಗ ಎಸೆದು ಎಳೆಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಶಾರದೆ ಅವತ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆ ಒಗೆದು ಹಾಕಿ, ಊಟ ಬಡಿಸಿ, ಎದುರು ಕೂತು ಮೆಲ್ಲಗೆ ಹೇಳಿದಳು.

"ಇನ್ನೊಂದೇ ಒಂದು ಸಲ ರೀ. ನಾನು ಕಣ್ಣಲ್ಲಿ ನೋಡಿ ಒಪ್ಪಬೇಕು. ಅದೂ ಮುಳುಗಿದ್ರೆ ಗಾಳ ಮುರಿದು ಒಲೆಗೆ ಹಾಕ್ತೀನಿ. ಆಮೇಲೆ ಭಾನುವಾರ ಮನೇಲಿ ಟಿ.ವಿ. ನೋಡ್ಕೊಂಡಿರಿ."

ಆ ಮಾತಿಗೆ ನಾನು ಬೆವರಿದೆ. ಉಳಿದ ಭಾನುವಾರಗಳೆಲ್ಲ ಸೋಫಾದ ಮೇಲೆ ಕಾಲು ಚಾಚಿಕೊಂಡು ಕಳೆಯುವುದನ್ನು ಊಹಿಸಿಕೊಳ್ಳಲೂ ಆಗಲಿಲ್ಲ. ಮುಳ್ಳಿಗೆ ಹೆದರದ ದೋಣಿ ಬೇಕು, ಎಂದರೆ ಕಬ್ಬಿಣದ್ದು. ಕಬ್ಬಿಣದಲ್ಲಿ ನೀರಿನ ಕೆಲಸ ಮಾಡುವವರು ನಮ್ಮ ಊರಿನಲ್ಲಿ ಒಬ್ಬರೇ.

ಹೀಗೆ ನಾನು ಪ್ಯಾರೂ ಭಾಯಿಯ ಶೆಡ್ಡಿಗೆ ಹೋದೆ. ದೋಣಿ ಮಾಡಿಕೊಡ್ತೀರಾ ಎಂದು ಕೇಳಿದ್ದಕ್ಕೆ ಅವರು ಕಣ್ಣಿಗಿದ್ದ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ, ಎಡಗಿವಿ ನನ್ನ ಕಡೆ ಮಾಡಿ, "ಎಷ್ಟು ಲೀಟರ್ ಸಾರ್?" ಎಂದರು. ದೋಣಿಗೆ ಲೀಟರ್ ಇರುವುದಿಲ್ಲ ಎಂದೆ. ಲೀಟರ್ ಇಲ್ಲದ ವಸ್ತು ಯಾವುದೂ ಇಲ್ಲ ಎಂಬ ಹಾಗೆ ನನ್ನನ್ನು ನೋಡಿದರು. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಅದರ ಸುತ್ತ ಒಂದು ಸುತ್ತು ಹಾಕಿ, ಮುಚ್ಚಳ ಎಲ್ಲಿ ಎಂದು ಕೇಳಿದರು. ಮುಚ್ಚಳ ಇರುವುದಿಲ್ಲ ಎಂದೆ. ಮುಚ್ಚಳ ಇಲ್ಲದಿದ್ದರೆ ರಸ್ತೆಯುದ್ದಕ್ಕೂ ನೀರು ಚೆಲ್ಲುವುದಿಲ್ಲವೇ ಎಂದರು. ಒಳಗೆ ನೀರೇ ಇರುವುದಿಲ್ಲ ಭಾಯ್, ನೀರು ಹೊರಗಿರುತ್ತದೆ, ಒಳಗೆ ನಾನಿರುತ್ತೇನೆ ಎಂದು ವಿವರಿಸಿದೆ. ಅವರು ದೋಣಿಯನ್ನು ಸಿನಿಮಾದಲ್ಲಿ ನೋಡಿದ್ದರಂತೆ, ಆದರೆ ಅದರ ಅಡಿಯಲ್ಲಿ ಏನಿದೆ ಎಂದು ಯಾರೂ ತೋರಿಸಿರಲಿಲ್ಲವಂತೆ. ಟೀ ತರಿಸಿದರು. ಕುಡಿಯುವ ಮೊದಲು ಲೋಟ ಬಡಿದು ಕೇಳಿದರು. ಕುಡಿದಾದ ಮೇಲೆ ಅವರ ಮುಖ ಅರಳಿತು.

"ಹೌ, ಹೌ. ಸಮಜ್ ಗಯಾ. ಇದು ಉಲ್ಟಾ ಟ್ಯಾಂಕರ್" ಎಂದರು. "ಇಷ್ಟು ವರ್ಷ ನೀರು ಹೊರಗೆ ಹೋಗ್ದಂಗೆ ಮಾಡಿದೀನಿ. ಒಳಗೆ ಬರ್ದಂಗೆ ಮಾಡಿಲ್ಲ. ನೋಡೋಣ."

ಆ 'ನೋಡೋಣ' ನನಗೆ ಹಿಡಿಸಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ.

ಅಳತೆ ತೆಗೆದುಕೊಂಡ ದಿನವನ್ನಂತೂ ನಾನು ಮರೆಯುವುದಿಲ್ಲ. ಟೇಪು ಅವರ ಶೆಡ್ಡಿನಲ್ಲಿ ಇತ್ತೋ ಇಲ್ಲವೋ, ನಾನು ನೋಡಿಲ್ಲ. ಮೊಳ, ಗೇಣು, ಚಾಕ್‌ಪೀಸು, ಅಷ್ಟೇ. ನನ್ನನ್ನು ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂರಿಸಿದರು. ಮೇಲಿಂದ ಕೆಳಗೆ ನೋಡಿ "ಎಂಬತ್ತು ಲೀಟರ್" ಎಂದರು. ಜೊತೆಗೆ ಬಂದಿದ್ದ ಮುನಿಯಪ್ಪನನ್ನು ನೋಡಿ "ಐವತ್ತೈದು" ಎಂದರು. ನನಗೆ ಒಂಥರಾ ಅವಮಾನವೇ ಆಯಿತು. ಮನೆಗೆ ಬಂದ ಮೇಲೆ ಹೊಳೆಯಿತು. ನನ್ನ ತೂಕ ಎಂಬತ್ತು ಕೆ.ಜಿ. ನಾನು ಕೂತ ದೋಣಿ ಪಕ್ಕಕ್ಕೆ ತಳ್ಳಬೇಕಾದ ನೀರು ನನ್ನ ಪಾಲಿಗೆ ಎಂಬತ್ತು ಲೀಟರೇ. ಎಷ್ಟು ಲೀಟರ್ ಎಂದು ಅವರು ಮೊದಲ ದಿನ ಕೇಳಿದ್ದೇ ಸರಿಯಾದ ಪ್ರಶ್ನೆ, ದೋಣಿಗೆ ಲೀಟರ್ ಇರುವುದಿಲ್ಲ ಎಂದ ನನ್ನ ಉತ್ತರವೇ ತಪ್ಪು. ಅದೇ ಪಾಠವನ್ನು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಅವರಿಗೆ ಇದು ಗೊತ್ತಿತ್ತೇ, ಅಥವಾ ಕುರುಡು ಅಭ್ಯಾಸವೇ? ಮರುದಿನ ಕೇಳಿದರೆ, "ಏನೋ ಸಾರ್, ಕಣ್ಣಿಗೆ ಹಂಗೆ ಕಾಣುತ್ತೆ" ಎಂದುಬಿಟ್ಟರು.

ಆಮೇಲೆ ಮಂಡಿಗೆ ಬಂದರು. ಕೇಳದೆ ಕೊಳ್ಳದೆ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದೇಬಿಟ್ಟರು. ತಲೆ ಓರೆ ಮಾಡಿ ಕೇಳಿ, ಒಳಗೆ ತಗಡಿದೆ ಎಂದರು. ಸ್ಟೀಲು ಎಂದೆ. ಇನ್ನೊಮ್ಮೆ ಬಡಿದು, ಫಿಟಿಂಗ್ ಚೆನ್ನಾಗಿದೆ, ಯಾರು ಮಾಡಿದ್ದು ಎಂದು ವಿಚಾರಿಸಿದರು. ನಾನು ಕೋಲಾರದ ಡಾಕ್ಟರ ಬಗ್ಗೆ ಹೇಳಿದೆ. ಒಬ್ಬ ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಯ ಕೆಲಸ ಒಪ್ಪುವ ಹಾಗೆ ತಲೆದೂಗಿದರು. ಆ ಕಾಲನ್ನು ನೋಡಿ ಅಯ್ಯೋ ಪಾಪ ಎನ್ನದ ಮೊದಲ ಮನುಷ್ಯ ಅವರು.

ಅವತ್ತು ಅವರು ನನ್ನನ್ನು ಡ್ರಮ್ಮಿನ ಮೇಲಿಂದ ಏಳಲು ಬಿಡಲಿಲ್ಲ. ಅರ್ಧ ಗಂಟೆ ಕೂರಬೇಕಂತೆ. ಕೂತ ತಕ್ಷಣ ಕಾಲು ಇರುವ ಜಾಗ ಬೇರೆ, ದಣಿದ ಮೇಲೆ ಅದು ಜರುಗುವ ಜಾಗ ಬೇರೆ ಎಂದು ಅವರ ವಾದ. ತಾವು ಬೇರೆ ಕೆಲಸ ಮಾಡುತ್ತಾ ಐದೈದು ನಿಮಿಷಕ್ಕೊಮ್ಮೆ ಬಂದು ನನ್ನ ಹಿಮ್ಮಡಿಯ ಸುತ್ತ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಕೊನೆಗೆ ನೆಲದ ಮೇಲೆ ಆರು ಹಿಮ್ಮಡಿ ಮೂಡಿದವು, ಒಂದಕ್ಕಿಂತ ಒಂದು ಬಲಕ್ಕೆ. "ಕಾಲಿಗೆ ಬೇರೆ ಸೀಟ್ ಮಾಡ್ತೀನಿ ಸಾರ್. ಅದೂ ನಿಮ್ಮ ಥರಾನೇ ಕೂರ್ಲಿ" ಎಂದರು.

ಹಳೆಯ ಟ್ಯಾಂಕರಿನ ತಗಡು ಬಿಚ್ಚಿ ದೋಣಿ ಕಟ್ಟತೊಡಗಿದರು. ಚಪ್ಪಟೆ ಅಡಿ, ನೆಟ್ಟಗಿನ ಪಕ್ಕೆ, ಮುಂದೆ ಮಾತ್ರ ಸ್ವಲ್ಪ ಮೇಲಕ್ಕೆ ಬಾಗು. ಎಷ್ಟು ದೊಡ್ಡದು ಎಂದರೆ ಸಾವಿರ ಲೀಟರ್, ಅದಕ್ಕಿಂತ ಚಿಕ್ಕದು ಮಾಡಿ ಕೈಗೆ ಅಭ್ಯಾಸ ಇಲ್ಲ ಎಂದರು. ಅಂಚಿಗೆಲ್ಲ ಉದ್ದಕ್ಕೆ ಸೀಳಿದ ರಬ್ಬರ್ ಪೈಪು ತೊಡಿಸಿದರು. ಗಾಳ ನಿಲ್ಲಿಸಲು ಪಕ್ಕದಲ್ಲಿ ಓರೆಯಾಗಿ ಎರಡು ಪೈಪಿನ ತುಂಡು, ಟಿಫಿನ್ ಬಾಕ್ಸಿಗೆ ಕೊಕ್ಕೆ. ಒಂದು ದಿನ ದೋಣಿಯ ಅಡಿ ಬಡಿದು ಕೇಳಿ ಮುಖ ಹುಳ್ಳಗೆ ಮಾಡಿದರು. ತಗಡು ಮಾತಾಡುತ್ತದೆ, ಮೀನಿಗೆ ಕಿವಿ ಇದೆಯೇ ಎಂದು ಕೇಳಿದರು. ನಾನು ಕಾಲು ಗಂಟೆ ವಿಜ್ಞಾನ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನುಮಾನ ಬಂದು ನಿಲ್ಲಿಸಿದೆ. ಮರುದಿನ ನೋಡಿದರೆ ಒಳಗೆಲ್ಲ ಹಳೆಯ ಟೈರು ಕತ್ತರಿಸಿ ಹಾಸಿದ್ದರು. ಅವರಿಗೆ ಉತ್ತರ ಬೇಕಿರಲಿಲ್ಲ ಎಂದು ಕಾಣುತ್ತದೆ.

ಕೆಲಸ ಮುಗಿದಿದೆ ಬನ್ನಿ ಎಂದು ಫೋನು ಬಂತು. ಹೋದರೆ ಶೆಡ್ಡಿನ ಮುಂದೆ ದೋಣಿಯ ತುಂಬಾ ನೀರು ತುಂಬಿ ನಿಲ್ಲಿಸಿದ್ದಾರೆ. ದಾರಿಯಲ್ಲಿ ಹೋಗುವ ಎಮ್ಮೆಗಳು ಅದನ್ನು ಬಾನಿ ಎಂದುಕೊಂಡು ಮೂತಿ ಇಟ್ಟು ಕುಡಿಯುತ್ತಿವೆ. ಇದೇನು ಎಂದರೆ ಟೆಸ್ಟಿಂಗ್ ಎಂದರು. ಎರಡು ದಿನ ಹೀಗೆ ಬಿಟ್ಟು ಒಂದು ಹನಿ ಹೊರಗೆ ಬರದಿದ್ದರೆ ಗಾಡಿ ಪಾಸ್ ಅಂತೆ. ನನಗೆ ರೇಗಿತು. ನೀರು ಒಳಗೆ ಬರುತ್ತದೆಯೋ ಇಲ್ಲವೋ ನೋಡಬೇಕಾದ್ದು, ಹೊರಗೆ ಹೋಗುತ್ತದೆಯೋ ಎಂದಲ್ಲ ಎಂದು ದನಿ ಏರಿಸಿದೆ. ಅವರು ಸಮಾಧಾನವಾಗಿ, ಹೊರಗೆ ಹೋಗಲು ದಾರಿ ಇಲ್ಲದ ಕಡೆ ಒಳಗೆ ಬರಲು ದಾರಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನಾನು ದೋಣಿಯ ಸುತ್ತ ಒಂದು ಸುತ್ತು ಹಾಕಿದೆ.

ಅಷ್ಟರಲ್ಲಿ ಹಿಂಬದಿ ಕಣ್ಣಿಗೆ ಬಿತ್ತು. ದೋಣಿಯ ಹಿಂದೆ, ಅಡಿಗೆ ಸರಿಯಾಗಿ, ಒಂದು ವಾಲ್ವು. ಟ್ಯಾಂಕರಿನ ಹಿಂದೆ ನೀರು ಬಿಡಲು ಇರುತ್ತದಲ್ಲ, ಅದೇ, ಕೆಂಪು ಬಣ್ಣದ ದುಂಡನೆಯ ಹಿಡಿ ಸಮೇತ. ಮೇಲೆ ನೀಲಿ ಅಕ್ಷರದಲ್ಲಿ ದೊಡ್ಡದಾಗಿ 'ಕುಡಿಯುವ ನೀರು' ಎಂದು ಬರೆದಿತ್ತು. ಬರಹ ಪೇಂಟರನ ಅಭ್ಯಾಸಬಲವಂತೆ, ಬೇಕಾದರೆ ಅಳಿಸುತ್ತಾರಂತೆ. ಅದು ಹಾಳಾಗಲಿ, ದೋಣಿಯ ತಳಕ್ಕೆ ಯಾರಾದರೂ ನಲ್ಲಿ ಇಡುತ್ತಾರೆಯೇ? ಕುಂಟೆಯ ನಡುವೆ ಅದು ತಿರುಗಿದರೆ ನನ್ನ ಗತಿ ಏನು? ನಾನು ಕೂಗಾಡಿದೆ. ಮುಚ್ಚಿ ವೆಲ್ಡ್ ಮಾಡಿ ಎಂದೆ. ಅದುವರೆಗೂ ನಾನು ಹೇಳಿದ್ದಕ್ಕೆಲ್ಲ ಆಗಲಿ ಎನ್ನುತ್ತಿದ್ದ ಮನುಷ್ಯ ಇದೊಂದಕ್ಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ನಕ್ಕೋ ಸಾರ್. ವಾಲ್ವ್ ಇಲ್ದೆ ನಮ್ಮ ಶೆಡ್ಡಿಂದ ಒಂದು ಗಾಡಿ ಹೊರಗೆ ಹೋಗಿಲ್ಲ" ಎಂದರು. "ಇರ್ಲಿ. ಒಂದಿನ ಬೇಕಾಗುತ್ತೆ."

ಯಾವ ದಿನ, ಯಾಕೆ ಎಂದು ಕೇಳಿದೆ. ಅವರು ಬಲಗಿವಿ ನನ್ನ ಕಡೆ ತಿರುಗಿಸಿ ಕೆಲಸ ಮುಂದುವರಿಸಿದರು. ಕೊನೆಗೆ ಹಿಡಿಗೆ ಸರಪಳಿ ಸುತ್ತಿ ಬೀಗ ಹಾಕುವುದೆಂದು ರಾಜಿಯಾಯಿತು. ಬೀಗದ ಕೈಯನ್ನು ನನಗೆ ಕೊಡಲಿಲ್ಲ. ಸಂಜೆ ತಾವೇ ನಮ್ಮ ಮನೆಗೆ ಬಂದು ಶಾರದೆಯ ಕೈಗೆ ಕೊಟ್ಟರು. ಅವಳು ಬೀಗದ ಕೈ ತಿರುಗಿಸಿ ನೋಡುತ್ತಾ, ಅಷ್ಟು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದಳು.

"ಭಾಯ್, ಇದು ಮುಳುಗಲ್ಲ ತಾನೆ?"

ಇಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು.

"ಅದು ನಂಗೊತ್ತಿಲ್ಲಮ್ಮಾ. ನಾನು ನೀರಲ್ಲಿ ಇಳಿದೋನಲ್ಲ" ಎಂದರು ಅವರು. "ಸೋರಲ್ಲ. ಅಷ್ಟು ಮಾತ್ರ ಹೇಳ್ತೀನಿ."

ಕೆಟ್ಟೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ಶಾರದೆ ಬೀಗದ ಕೈಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು, ಭಾನುವಾರ ನೀರಿಗೆ ಇಳಿಸಿ, ನಾನೂ ಬರ್ತೀನಿ ಎಂದಳು. ಆ ಉತ್ತರದಲ್ಲಿ ಅವಳಿಗೆ ಯಾವ ಧೈರ್ಯ ಸಿಕ್ಕಿತೋ, ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅರ್ಥವಾಗಲಿಲ್ಲ.

ಭಾನುವಾರ ಮುನಿಯಪ್ಪ ಟ್ರ್ಯಾಕ್ಟರಿನಲ್ಲಿ ದೋಣಿ ತಂದ. ಹೊಸ ಗಾಡಿಗೆ ಮಾಡುವಂತೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಹಿಡಿದು ಚಕ್ರ ಹುಡುಕುತ್ತಾ ನಿಂತ. ಚಕ್ರವೇ ಇಲ್ಲ. ನಿಂಬೆಹಣ್ಣು ಎಲ್ಲಿಡಬೇಕು ಎಂದು ಅರ್ಧ ಊರು ಚರ್ಚೆ ಮಾಡಿತು. ಕೊನೆಗೆ ಪ್ಯಾರೂ ಭಾಯಿಯೇ, ಅಡಿಯಲ್ಲಿ ಇಟ್ಟು ಎಳೀರಿ ಎಂದು ತೀರ್ಮಾನ ಹೇಳಿ, ತಾವು ಬಿಸ್ಮಿಲ್ಲಾ ಅಂದರು. ದೋಣಿ ನಿಂಬೆಹಣ್ಣಿನ ಮೇಲೆ ಹರಿದು ಕಿಂಡಿಯಿಂದ ನೀರಿಗಿಳಿಯಿತು. ನೀರಿನಿಂದ ಹತ್ತು ಮಾರು ದೂರದಲ್ಲೇ ನಿಂತಿದ್ದರು ಭಾಯ್, ಹತ್ತಿರ ಬನ್ನಿ ಎಂದರೂ ಬರಲಿಲ್ಲ.

ನಾನು ಹತ್ತಿ ಕೂತೆ. ತೇಲಿತು. ಆದರೆ ಬಲಕ್ಕೆ ವಾಲಿತು. ಮಡಚದ ಕಾಲು ಬಲಗಡೆಯ ಸೀಟಿನ ಮೇಲೆ ಉದ್ದಕ್ಕೆ ಮಲಗಿತ್ತಲ್ಲ, ಅದರ ಭಾರ. ಶಾರದೆ ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. ನಾನು ಗಟ್ಟಿಯಾಗಿ ಅಂಚು ಹಿಡಿದುಕೊಂಡೆ. ಆಗ ದಡದಿಂದ ಭಾಯ್ ಎಡಪಕ್ಕೆಯ ಡಬ್ಬ ತೆಗೆಯಿರಿ ಎಂದು ಕೂಗಿದರು. ಎಡಗಡೆ ಒಂದು ಉದ್ದನೆಯ ಮುಚ್ಚಿದ ಡಬ್ಬ ಇತ್ತು, ಮೇಲೆ ಮುಚ್ಚಳ. ಮೀನು ಹಾಕಿಕೊಳ್ಳಲು ಎಂದುಕೊಂಡಿದ್ದೆ. ಒಳಗೆ ಒಂದು ಲೀಟರಿನ ಮಗ್ಗು ಇತ್ತು. ಕುಂಟೆಯ ನೀರು ಮೊಗೆದು ಡಬ್ಬಕ್ಕೆ ಹಾಕಬೇಕಂತೆ. ಹಾಕತೊಡಗಿದೆ. ಒಂದು, ಎರಡು, ಮೂರು. ದಡದಲ್ಲಿ ಅವರು ತಲೆ ಓರೆ ಮಾಡಿ ದೋಣಿಯ ಅಂಚನ್ನೇ ನೋಡುತ್ತಾ "ಇನ್ನೊಂದು... ಇನ್ನೊಂದು" ಎನ್ನುತ್ತಿದ್ದರು. ಹನ್ನೊಂದನೆಯ ಲೀಟರಿಗೆ ದೋಣಿ ನೆಟ್ಟಗಾಯಿತು. ಮೇಜಿನ ಹಾಗೆ ಸಮ.

"ಬಸ್. ನಿಮ್ಮ ಕಾಲಿಗೆ ಜೋಡಿ ಅದು" ಎಂದರು.

ಮುಳುಗದಿರಲು ದೋಣಿಯ ಒಳಗೇ ನೀರು ಹಾಕಿಸಿದ ಮನುಷ್ಯ ಅವರು. ಶಾರದೆ ಒಂದು ಗಂಟೆ ದಡದಲ್ಲಿ ಕೂತಿದ್ದಳು. ನಾನು ಒಂದು ಜಿಲೇಬಿ ಮೀನು ಹಿಡಿದೆ, ಅಂಗೈ ಅಗಲದ್ದು. ಅವಳು ಎದ್ದು ಸೀರೆ ಕೊಡವಿಕೊಂಡು, ಮಧ್ಯಾಹ್ನದೊಳಗೆ ಬನ್ನಿ ಎಂದು ಹೇಳಿ ಮುನಿಯಪ್ಪನ ಮನೆಗೆ ಹೋದಳು. ಹಿಂದಿರುಗಿ ನೋಡಲಿಲ್ಲ. ನನಗೆ ಭಾನುವಾರಗಳು ವಾಪಸು ಬಂದವು.

ಅಲ್ಲಿಂದ ಎರಡು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ ಹೋಗಿದ್ದೇನೆ. ಹತ್ತುತ್ತೇನೆ, ಹನ್ನೊಂದು ಮಗ್ಗು ನೀರು ಹಾಕುತ್ತೇನೆ, ಒಬ್ಬನೇ ಕೂರುತ್ತೇನೆ. ಹಿಡಿದ ಮೀನಿನಲ್ಲಿ ಒಂದನ್ನು ವಾಪಸು ಬರುವಾಗ ಶೆಡ್ಡಿಗೆ ಕೊಡುತ್ತಿದ್ದೆ. ಅವರು ಅದನ್ನೂ ತೂಗಿ ನೋಡಿದ ಹಾಗೆ ಮಾಡಿ ಮುಕ್ಕಾಲು ಲೀಟರ್ ಎನ್ನುತ್ತಿದ್ದರು. ಒಂದು ಸಲ ಬಂದು ದೋಣಿಯಲ್ಲಿ ಕೂರಿ ಎಂದು ಎಷ್ಟು ಕರೆದೆನೋ ಲೆಕ್ಕವಿಲ್ಲ. ನೀರೆಂದರೆ ನನಗೆ ಭಯ ಸಾರ್, ಬಕೆಟ್ಟಿಗಿಂತ ದೊಡ್ಡ ನೀರಲ್ಲಿ ಕಾಲಿಟ್ಟಿಲ್ಲ ಎಂದರು ಒಮ್ಮೆ. ಜೀವಮಾನವೆಲ್ಲ ಊರೂರಿಗೆ ನೀರು ಹೊತ್ತು ಹೋಗುವ ಗಾಡಿ ಕಟ್ಟಿದವರು ಹೀಗೆ ಹೇಳಿದರೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

ಕಳೆದ ಮಳೆಗಾಲದ ಮೊದಲು ಅವರಿಗೆ ಹುಷಾರಿಲ್ಲ ಎಂದು ತಿಳಿದು ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. "ನಲವತ್ತು ಲೀಟರಿಗೆ ಬಂದೆ ಸಾರ್" ಎಂದು ತಾವೇ ಹೇಳಿಕೊಂಡರು. ನಾನು ಏನೋ ಸಮಾಧಾನ ಹೇಳಿದೆ. ಅದನ್ನು ಅವರು ಬಲಗಿವಿಯಲ್ಲಿ ಕೇಳಿದರು. ದೋಣಿ ಸೋರುತ್ತದೆಯೇ ಎಂದು ವಿಚಾರಿಸಿದರು. ಒಂದು ಹನಿ ಇಲ್ಲ ಎಂದೆ. ವಾಲ್ವ್ ತೆಗೆದಿರಾ ಎಂದರು. ಇಲ್ಲ ಭಾಯ್, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ, ಅಮ್ಮಾವ್ರ ಹತ್ತಿರ ಬೀಗದ ಕೈ ಇದೆಯಲ್ಲ ಎಂದು ನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ತೆಗೀತೀರಾ" ಎಂದರು.

ತೆಗೀತೀರಾ ಎಂದು ಕೇಳಿದರೋ, ತೆಗೆಯುತ್ತೀರಿ ಎಂದು ಹೇಳಿದರೋ, ಅದೂ ಸ್ಪಷ್ಟವಾಗಲಿಲ್ಲ. ನಾನು ಎದ್ದು ಬರುವಾಗ ಕೈ ಚಾಚಿ ನನ್ನ ಮಂಡಿಯನ್ನು ಒಮ್ಮೆ ಬಡಿದು, ತಲೆ ಓರೆ ಮಾಡಿ ಕೇಳಿ, ಚೆನ್ನಾಗಿದೆ ಎಂಬಂತೆ ಕೈ ಆಡಿಸಿದರು. ಎರಡು ವಾರಕ್ಕೆ ಹೋಗಿಬಿಟ್ಟರು.

ಆಮೇಲೆ ನನಗೆ ಕುಂಟೆಗೆ ಹೋಗುವ ಮನಸ್ಸಾಗಲಿಲ್ಲ. ಮುನಿಯಪ್ಪ ದೋಣಿಯನ್ನು ದಡಕ್ಕೆ ಎಳೆದು ಜಾಲಿಯ ಬುಡಕ್ಕೆ ಕಟ್ಟಿ ಇಟ್ಟಿದ್ದ. ಮಳೆ ಹಿಡಿಯಿತು. ಎರಡು ತಿಂಗಳಾದ ಮೇಲೆ ಶಾರದೆಯೇ ಒಂದು ಭಾನುವಾರ ಬೆಳಿಗ್ಗೆ, ಹೀಗೆ ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂರಬೇಡಿ, ನಡೀರಿ ಎಂದು ಹೊರಡಿಸಿದಳು. ಹೋಗಿ ನೋಡಿದರೆ ದೋಣಿಯ ತುಂಬಾ ಮಳೆ ನೀರು, ಅಂಚಿನವರೆಗೂ. ಅಷ್ಟು ನೀರಿರುವ ಕಬ್ಬಿಣದ ದೋಣಿಯನ್ನು ನಾಲ್ಕು ಗಟ್ಟಿ ಆಳು ಸೇರಿದರೂ ಬೋರಲು ಹಾಕಲಾಗುವುದಿಲ್ಲ. ಮುನಿಯಪ್ಪ ಸಂತೆಗೆ ಹೋಗಿದ್ದ. ಮೊಗೆದು ಚೆಲ್ಲೋಣವೆಂದರೆ ಬಗ್ಗಲು ನನ್ನ ಮಂಡಿ ಬಿಡುವುದಿಲ್ಲ. ಒಂದೆರಡು ಮಗ್ಗು ಎತ್ತಿ ಸುಸ್ತಾಗಿ ದಡದಲ್ಲಿ ನಿಂತೆ. ನನ್ನ ದೋಣಿ ಖಾಲಿ ಮಾಡಿಕೊಳ್ಳಲೂ ಕೈಲಾಗದವನಾದೆನಲ್ಲ ಎಂದು ನಾಚಿಕೆಯಾಯಿತು.

ಶಾರದೆ ದೋಣಿಯ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಸೊಂಟದಿಂದ ಗೊಂಚಲು ತೆಗೆದು ಬೀಗಕ್ಕೆ ಕೈ ಹಾಕಿದಳು. ಸರಪಳಿ ಬಿಚ್ಚಿ, ಎರಡೂ ಕೈಯಿಂದ ಕೆಂಪು ಹಿಡಿ ತಿರುಗಿಸಿದಳು. 'ಕುಡಿಯುವ ನೀರು' ಎಂದು ಬರೆದ ಕಡೆಯಿಂದ ಮಳೆ ನೀರು ಭರ್ರೆಂದು ಹೊರಟು, ಇಳಿಜಾರಿನಲ್ಲಿ ಹರಿದು ಕುಂಟೆ ಸೇರಿತು. ನಾನು ಕೋಲು ಊರಿಕೊಂಡು ನೋಡುತ್ತಾ ನಿಂತಿದ್ದೆ, ಕಾಲು ಗಂಟೆಯಲ್ಲಿ ದೋಣಿ ಖಾಲಿ.

ಬಗ್ಗಲಾರದವನಿಗೆ, ದೋಣಿ ಮಗುಚಲಾರದವನಿಗೆ ವಾಲ್ವು ಬೇಕು ಎಂದು ಅವರು ಆ ಚಾಕ್‌ಪೀಸಿನ ಆರು ಹಿಮ್ಮಡಿ ಎಣಿಸಿದ ದಿನವೇ ಯೋಚಿಸಿದ್ದರೇ? ಅಥವಾ ವಾಲ್ವಿಲ್ಲದ ಗಾಡಿ ಮಾಡಲು ಅವರ ಕೈಗೆ ಬರುತ್ತಿರಲಿಲ್ಲ, ಅಷ್ಟೇಯೇ? ಕೇಳಬೇಕಾದವರ ಎಡಗಿವಿ ಈಗ ಇಲ್ಲ.

ಶಾರದೆ ವಾಲ್ವು ಮುಚ್ಚಿ, ಬೀಗ ಹಾಕಿ, ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತಳು.

"ಎಷ್ಟು ಲೀಟರ್ ಇತ್ತು ರೀ?" ಎಂದು ಕೇಳಿದಳು.

ಸಾವಿರ ಎಂದು ನನಗೆ ಗೊತ್ತಿತ್ತು. ಆದರೂ ದೋಣಿಯ ಅಂಚು ಹಿಡಿದು, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದೆ.